ಒಂದೇ ಡಬ್ಬಿಯ ಮಾತ್ರೆಗಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಅಧ್ಯಯನವನ್ನು ನಡೆಸಿದ ಹೃದಯ ವೈದ್ಯರೇ, ಬೇರೆ ಬೇರೆ ಆಸ್ಪತ್ರೆಗಳಿಂದ ಬಂದಿರುವ ಅತಿಥಿಗಳೇ, ದಾದಿಯರೇ, ಮತ್ತು ನನ್ನ ಹಾಗೆಯೇ ಎರಡು ವರ್ಷ ದಿನಕ್ಕೊಂದು ಮಾತ್ರೆ ನುಂಗಿ, ಇವತ್ತು ಒಳ್ಳೆಯ ಬಟ್ಟೆ ತೊಟ್ಟು ಬಂದು ಕುಳಿತಿರುವ ಸಭಿಕರೇ,

ನಾನು ಯಾರೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿರುವ ಹೊಲಿಗೆ ಕಾರ್ಖಾನೆಯ ಯಜಮಾನಿ ನಾನು. ಅಲ್ಲಿ ಇಪ್ಪತ್ತಾರು ಮಿಷನ್ನುಗಳು, ಮೂವತ್ತೊಂದು ಜನ ಕೆಲಸಗಾರರು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ವರು ಮೊಮ್ಮಕ್ಕಳು, ಒಬ್ಬಳು ತಂಗಿ. ಇಷ್ಟು ಜನರಲ್ಲಿ ನನಗೆ ಎದುರು ಮಾತಾಡುವವರು ಇರಲಿಲ್ಲ. ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೆ ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು ಬಂದಿತ್ತು. ಅದನ್ನು ಹೇಳದೆ ಮುಂದೆ ಹೋಗುವ ಅಭ್ಯಾಸ ನನಗಿಲ್ಲ. ಈ ಆಸ್ಪತ್ರೆಯಲ್ಲಿ ನಿಮಗೆಲ್ಲ ತೊಡಿಸುತ್ತಾರಲ್ಲ, ಲಾಡಿ ಕಟ್ಟುವ ಗೌನು, ಅದನ್ನು ಹೊಲಿಯುವವರು ನಾವೇ. ಹಿಂಭಾಗ ತೆರೆದೇ ಇರುತ್ತದೆ ಎಂದು ಯಾರೂ ನನ್ನನ್ನು ಬೈಯಬೇಡಿ. ಅಳತೆ ಆಸ್ಪತ್ರೆಯವರದು, ಹೊಲಿಗೆ ಮಾತ್ರ ನನ್ನದು. ಲಾಡಿ ಕಿತ್ತು ಬಂದರೆ ಬೈಯಿರಿ, ಒಪ್ಪಿಕೊಳ್ಳುತ್ತೇನೆ.

ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ 'ಅತ್ಯಂತ ಶಿಸ್ತಿನ ಭಾಗಿಗಳಾದ ಸೋದರಿಯರಿಗೆ ಸನ್ಮಾನ' ಎಂದು ಅಚ್ಚಾಗಿದೆ. ಅದು ಅಚ್ಚಾದ ಮೇಲೆ ಒಂದು ಸಂಗತಿ ನಡೆದಿದೆ. ಹಾಗಾಗಿ ಸನ್ಮಾನ ಇಲ್ಲ. ನಾನೇ ಬೇಡವೆಂದೆ, ವೈದ್ಯರೂ ಒತ್ತಾಯ ಮಾಡಲಿಲ್ಲ. ಮಾತಿಗೆ ಇಟ್ಟಿದ್ದ ಸಮಯವನ್ನು ಮಾತ್ರ ನನಗೆ ಬಿಡಿ ಎಂದು ಕೇಳಿಕೊಂಡಿದ್ದೇನೆ. ಏಕೆ ಎಂದು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ. ನನ್ನ ತಂಗಿಯ ವಿಷಯವೂ ಇದರಲ್ಲಿ ಬರುತ್ತದೆ. ಅವಳನ್ನು ಕೇಳಿಯೇ ಬಂದಿದ್ದೇನೆ. "ಹೇಳು, ನನ್ನ ವಯಸ್ಸೊಂದು ಬಿಟ್ಟು" ಎಂದಳು. ಬಿಡುತ್ತೇನೆ. ನನಗಿಂತ ಚಿಕ್ಕವಳು, ಅಷ್ಟು ಸಾಕು.

ಮೂರು ವರ್ಷದ ಕೆಳಗೆ ನನ್ನ ಎಡ ಎದೆಯಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಒಡಹುಟ್ಟಿದವರಿದ್ದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು. ತಂಗಿ "ನನಗೇನಾಗಿದೆ, ಗಟ್ಟಿಯಾಗಿದ್ದೀನಿ" ಎಂದು ಜಾರಿಕೊಳ್ಳಲು ನೋಡಿದಳು. ನಾನು ಬಿಡುತ್ತೇನೆಯೇ? ಕೆಲಸದ ಮಧ್ಯೆ ಮಿಷನ್ನಿನಿಂದ ಎಬ್ಬಿಸಿ ಕರೆದುಕೊಂಡು ಹೋದೆ. ಅವಳಿಗೂ ಇತ್ತು. ಹಬ್ಬುವ ಮುಂಚೆ ಸಿಕ್ಕಿತು. ಅದನ್ನು ನಾನು ಎಲ್ಲರ ಮುಂದೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. "ನಾನಿಲ್ಲದಿದ್ದರೆ ಇವಳು ಇರುತ್ತಿದ್ದಳೇ?" ಎಂದು ಅವಳ ಎದುರಿಗೇ ಹೇಳುತ್ತಿದ್ದೆ. ಅವಳು ತಲೆ ಬಗ್ಗಿಸಿ ಕಾಜಾ ಹಾಕುತ್ತಿದ್ದಳು. ಕಾಜಾ ಎಂದರೆ ಅಂಗಿಯ ಗುಂಡಿ ತೂರುವ ಸೀಳು. ಅದನ್ನು ಹೊಲಿಯುವ ಮಿಷನ್ ಇಪ್ಪತ್ತೆರಡು ವರ್ಷದಿಂದ ಅವಳದೇ.

ಇಬ್ಬರಿಗೂ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಕೀಮೋ, ನರಕ್ಕೆ ಹನಿಸುವ ಆ ಕೆಂಪು ಔಷಧ. ನಿಮ್ಮಲ್ಲಿ ಹಲವರಿಗೆ ಗೊತ್ತಿದೆ, ನೆನೆಸಿಕೊಂಡರೆ ಈಗಲೂ ಬಾಯಲ್ಲಿ ತಗಡಿನ ರುಚಿ ಬರುತ್ತದೆ. ಆ ಔಷಧ ಉಳಿದ ಕ್ಯಾನ್ಸರನ್ನು ಕೊಲ್ಲುತ್ತದೆ, ಜೊತೆಗೆ ಕೆಲವರ ಹೃದಯವನ್ನೂ ಸೊರಗಿಸುತ್ತದೆ. ಯಾರ ಹೃದಯವನ್ನು ಎಂದು ಮೊದಲೇ ಹೇಳಲಾಗುವುದಿಲ್ಲ. ಆಗಲೇ ಈ ಹೃದಯ ವೈದ್ಯರು ನಮ್ಮನ್ನು ನೆಲಮಹಡಿಯ ಕೊನೆಯ ಕೋಣೆಗೆ ಕರೆಸಿದರು. ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು, ಒಳಗೆ ಒಂದು ಕಬ್ಬಿಣದ ಬೀರು, ಮೂರು ಕುರ್ಚಿ. ಅವರು ಹೇಳಿದ್ದು ಇಷ್ಟು: ರಕ್ತದೊತ್ತಡಕ್ಕೆ ಕೊಡುವ ಒಂದು ಹಳೆಯ ಮಾತ್ರೆ ಇದೆ. ಅದನ್ನು ಮೊದಲಿನಿಂದಲೇ ಕೊಟ್ಟರೆ ಹೃದಯ ಉಳಿಯಬಹುದು ಎಂದು ಅನುಮಾನ. ಅದನ್ನು ಪರೀಕ್ಷಿಸಬೇಕು. ಇನ್ನೂರ ಹನ್ನೆರಡು ಜನರಲ್ಲಿ ಅರ್ಧ ಜನರಿಗೆ ನಿಜವಾದ ಮಾತ್ರೆ, ಅರ್ಧ ಜನರಿಗೆ ನೋಡಲು ಥೇಟು ಹಾಗೆಯೇ ಇರುವ, ಒಳಗೇನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ನಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಬಾಟಲಿಯ ಮೇಲೆ ಬರೀ ಸಂಖ್ಯೆ. ಯಾವ ಸಂಖ್ಯೆ ಯಾವುದೆಂಬುದು ಮುಚ್ಚಿದ ಕವರಿನಲ್ಲಿ, ಅದನ್ನು ಒಡೆಯುವುದು ಕೊನೆಗೆ ಮಾತ್ರ.

ನಾನು ಕೇಳಿದೆ: "ಅಲ್ಲ ಡಾಕ್ಟ್ರೇ, ಖಾಲಿ ಮಾತ್ರೆ ಕೊಡೋಕೆ ಇಷ್ಟು ದೊಡ್ಡ ಆಸ್ಪತ್ರೆ ಬೇಕಾ?"

ಅವರು ನಕ್ಕರು. "ಖಾಲಿ ತಗೊಂಡವರಿಲ್ಲದೆ ಇದ್ರೆ, ತುಂಬಿದ್ದು ತಗೊಂಡವರಿಗೆ ಏನಾಯ್ತು ಅಂತ ಹೇಗೆ ಗೊತ್ತಾಗುತ್ತೆ ಅಮ್ಮ?" ಎಂದರು.

ಒಪ್ಪಿಕೊಂಡೆ. ಸಹಿ ಹಾಕಿದೆ. ತಂಗಿ "ಎರಡು ದಿನ ಬೇಕು, ಓದ್ತೀನಿ" ಎಂದು ಕಾಗದಗಳನ್ನು ಮನೆಗೆ ತಂದಳು. ಮೂರನೆಯ ದಿನ ಅವಳೂ ಸಹಿ ಹಾಕಿದಳು. ನೂರು ನೂರು ಮಾತ್ರೆಯ ಎರಡು ಬಾಟಲಿ ಕೊಟ್ಟರು, ಅವಳಿಗೊಂದು, ನನಗೊಂದು. ತೊಂಬತ್ತು ದಿನಕ್ಕೊಮ್ಮೆ ಬಂದು, ಉಳಿದದ್ದನ್ನು ಎಣಿಸಿಕೊಟ್ಟು, ಹೃದಯದ ಎಕೋ ಪರೀಕ್ಷೆ ಮಾಡಿಸಿಕೊಂಡು, ಹೊಸ ಬಾಟಲಿ ಒಯ್ಯಬೇಕು.

ಈಗ ನಮ್ಮ ಮನೆಯ ರೀತಿಯನ್ನು ಹೇಳಬೇಕು. ನಮ್ಮ ತಾಯಿ ಐದು ಮಕ್ಕಳನ್ನು ಸಾಕಿದವರು. ಮನೆಗೆ ಏನೇ ಬಂದರೂ ಒಂದೇ ಪಾತ್ರೆಗೆ ಸುರಿದು, ಎಲ್ಲರಿಗೂ ಅವರ ಕೈಯಿಂದಲೇ ಸಮನಾಗಿ ಹಂಚುತ್ತಿದ್ದರು. ಹಣ್ಣು ಕೊಳೆತಿದ್ದರೆ ಕೊಳೆತ ಭಾಗವನ್ನೂ ಐದು ಪಾಲು ಮಾಡುತ್ತಿದ್ದರು, ಸುಳ್ಳಲ್ಲ. ಅವರ ನಂತರ ಆ ಕೈ ನನ್ನದಾಯಿತು. ಸೊಸೆಯರಿಗೆ ಸೀರೆ ತಂದರೆ ಒಂದೇ ಬಣ್ಣ, ಒಂದೇ ಅಂಚು. ಗುರುತು ಸಿಗದೆ ಒಬ್ಬಳದನ್ನು ಇನ್ನೊಬ್ಬಳು ಉಟ್ಟು ಜಗಳವಾಡಿದ್ದೂ ಉಂಟು. ಆದರೂ ನಮ್ಮ ಮನೆಯಲ್ಲಿ ಭೇದವಿದೆ ಎಂದು ಯಾರೂ ಬೆರಳು ತೋರಿಸುವಂತಿರಲಿಲ್ಲ. ಅದು ನನ್ನ ಹೆಮ್ಮೆ.

ಅಂಥ ಮನೆಯೊಳಗೆ ಎರಡು ಬಾಟಲಿ ಬಂದವು. ಒಂದರಲ್ಲಿ ಔಷಧ ಇರಬಹುದು, ಇನ್ನೊಂದರಲ್ಲಿ ಇಲ್ಲದಿರಬಹುದು. ಮೂರನೆಯ ವಾರದಲ್ಲಿ ತಂಗಿಗೆ ಕುಳಿತಲ್ಲಿಂದ ಏಳುವಾಗ ತಲೆ ಸುತ್ತತೊಡಗಿತು. ಅಧ್ಯಯನದ ದಾದಿ ಮನೆಗೆ ಬಂದು ರಕ್ತದೊತ್ತಡ ನೋಡಿದಳು, ಸ್ವಲ್ಪ ಇಳಿದಿತ್ತು. "ಮಾತ್ರೆಯಿಂದಲೂ ಇರಬಹುದು, ಕೆಂಪು ಔಷಧದಿಂದಲೂ ಇರಬಹುದು, ನಿಧಾನವಾಗಿ ಏಳಿ" ಎಂದು ಬರೆದುಕೊಂಡು ಹೋದಳು. ಆ ವಾರವೇ ನಾನು ಎರಡೂ ಬಾಟಲಿಗಳನ್ನು ಒಂದು ಸ್ಟೀಲಿನ ಡಬ್ಬಿಗೆ ಸುರಿದು ಚೆನ್ನಾಗಿ ಅಲುಗಾಡಿಸಿದೆ. ಬೆಳಗ್ಗೆ ತಿಂಡಿ ಆದ ಮೇಲೆ ಕಣ್ಣು ಮುಚ್ಚಿ ಕೈ ಹಾಕಿ ಅವಳಿಗೊಂದು, ನನಗೊಂದು. ಅವಳಿಗೆ ಹೇಳಲಿಲ್ಲ. ಹೇಳುವುದೇನಿದೆ? ಆ ಮನೆಯಲ್ಲಿ ಯಾವುದನ್ನು ಹೇಳಿ ಹಂಚಿದ್ದೆ? ಒಂದರಲ್ಲಿ ಔಷಧ ಇದ್ದರೆ ಇಬ್ಬರಿಗೂ ಅರ್ಧರ್ಧ ಸಿಗುತ್ತದೆ, ಒಬ್ಬಳು ಬರಿಗೈಯಲ್ಲಿ ಉಳಿಯುವುದಿಲ್ಲ. ತೊಂಬತ್ತೊಂದು ಅಂಕದ ಗಣಿತ ಇದು.

ಆಸ್ಪತ್ರೆಗೆ ಹೊರಡುವ ದಿನ ಡಬ್ಬಿಯಿಂದ ಹತ್ತು ಹತ್ತು ತೆಗೆದು ಎರಡೂ ಬಾಟಲಿಗೆ ಹಾಕುತ್ತಿದ್ದೆ. ದಾದಿ ತಟ್ಟೆಯಲ್ಲಿ ಹರಡಿ ಐದೈದಾಗಿ ಎಣಿಸಿ ಬೆರಗಾಗುತ್ತಿದ್ದಳು. ಬೇರೆಯವರು ಹದಿನೇಳು ತರುತ್ತಿದ್ದರು, ಮೂವತ್ತೊಂದು ತರುತ್ತಿದ್ದರು. ಒಬ್ಬರ ಬಾಟಲಿಯಲ್ಲಿ ಕೊಟ್ಟದ್ದಕ್ಕಿಂತ ನಾಲ್ಕು ಹೆಚ್ಚೇ ಇದ್ದವಂತೆ. ಅವರು ಈ ಸಭೆಯಲ್ಲಿದ್ದರೆ ಆ ನಾಲ್ಕು ಎಲ್ಲಿಂದ ಬಂದವೆಂದು ಆಮೇಲೆ ನನಗೆ ಹೇಳಬೇಕು. ನಮ್ಮದು ಮಾತ್ರ ಎರಡು ವರ್ಷವೂ ಹತ್ತು, ಹತ್ತು. "ಅಮ್ಮ, ನಿಮ್ಮನ್ನ ನೋಡಿ ಎಲ್ಲರೂ ಕಲೀಬೇಕು" ಎನ್ನುತ್ತಿದ್ದಳು. ನಾನು ಬೇಡವೆನ್ನುತ್ತಿರಲಿಲ್ಲ. ಇವತ್ತಿನ ಸನ್ಮಾನ ಹುಟ್ಟಿದ್ದು ಆ ತಟ್ಟೆಯಲ್ಲಿ.

ಎಕೋ ಪರೀಕ್ಷೆಯಲ್ಲಿ ಒಂದು ಅಂಕಿ ಹೇಳುತ್ತಾರೆ. ಹೃದಯ ಒಮ್ಮೆ ಹಿಂಡಿದಾಗ ಒಳಗಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂದು. ಐವತ್ತೈದರ ಮೇಲಿದ್ದರೆ ಕ್ಷೇಮ. ನನ್ನದು ಅರವತ್ತೊಂದರಿಂದ ಶುರುವಾಗಿ ಐವತ್ತೆಂಟಕ್ಕೆ ಬಂದು ನಿಂತಿತು. ತಂಗಿಯದು ಅರವತ್ತೆರಡು, ಅರವತ್ತು, ಐವತ್ತನಾಲ್ಕು, ನಲವತ್ತೇಳು. ಕಳೆದ ವರ್ಷ ಅವಳ ಕಾಲು ಊದಿಕೊಂಡಿತು. ಮಲಗಿದರೆ ಉಸಿರು ಸಿಗುವುದಿಲ್ಲವೆಂದು ಎದ್ದು ಕೂರುತ್ತಿದ್ದಳು. ಒಂಬತ್ತು ದಿನ ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದಳು, ನಾವೇ ಹೊಲಿದ ಗೌನು ತೊಟ್ಟು. ಆಗ ಅಂಕಿ ಮೂವತ್ತೊಂಬತ್ತು. ಈಗ ಅದಕ್ಕೆಂದೇ ಬೇರೆ ಔಷಧಗಳನ್ನು ಕೊಟ್ಟು ನಲವತ್ತನಾಲ್ಕಕ್ಕೆ ತಂದಿದ್ದಾರೆ. ಕಾರ್ಖಾನೆಯ ಹನ್ನೆರಡು ಮೆಟ್ಟಿಲನ್ನು ಈಗ ಅವಳು ಎರಡು ಕಡೆ ನಿಂತು ಹತ್ತುತ್ತಾಳೆ. ಮುಂಚೆ ಬಟ್ಟೆಯ ಗಂಟು ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದವಳು.

ಆಗಲಾದರೂ ನನಗೆ ಆ ಡಬ್ಬಿಯ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಬಂದಾಗಲೆಲ್ಲ ಬೇರೆ ಕೆಲಸ ಹಚ್ಚಿಕೊಂಡೆ. ನಮ್ಮ ಕಾರ್ಖಾನೆಯಲ್ಲಿ ಕೆಲಸಕ್ಕೆ ಬರವಿಲ್ಲ.

ಮೂರು ವಾರದ ಕೆಳಗೆ ಆಸ್ಪತ್ರೆಯಿಂದ ಇನ್ನೂರ ನಲವತ್ತು ಗೌನುಗಳು ವಾಪಸು ಬಂದವು. ಮೊದಲ ಒಗೆತಕ್ಕೇ ಕೆಲವುಗಳ ಮುಂಭಾಗ ಕುಗ್ಗಿ ತೋಳು ಜೋತುಬಿದ್ದಿತ್ತು, ಕೆಲವು ಸರಿಯಾಗಿಯೇ ಇದ್ದವು. ನಮ್ಮಲ್ಲಿ ಬಟ್ಟೆಯ ಥಾನುಗಳನ್ನು ಮೊದಲು ನೀರಿಗೆ ಹಾಕಿ ಕುಗ್ಗಿಸಿ, ಆಮೇಲೆ ಕತ್ತರಿಸುತ್ತೇವೆ. ಕಟಿಂಗ್ ಮಾಸ್ಟರ್ ನನ್ನ ಬಳಿ ಇಪ್ಪತ್ತು ವರ್ಷದಿಂದ ಇರುವವನು. ಕರೆಸಿ ಕೇಳಿದೆ.

"ಏನಪ್ಪಾ ಇದು?"

"ನೀರಿಗೆ ಹಾಕಿದ ಥಾನು ಕಡಿಮೆ ಬಿತ್ತು ಅಮ್ಮ. ಹಾಕದೇ ಇರೋದನ್ನೂ ಸೇರಿಸಿ ಕತ್ತರಿಸ್ದೆ."

"ಯಾವ ಗೌನಿಗೆ ಯಾವುದು ಹೋಗಿದೆ?"

"ಗೊತ್ತಿಲ್ಲ ಅಮ್ಮ. ಬೆರೆತುಹೋಗಿದೆ."

"ಗೊತ್ತಿಲ್ಲ ಅಂದ್ರೆ? ಬೆರೆಸೋನು ನೀನು, ಗೊತ್ತಿರೋದು ಯಾರಿಗೆ? ಒಂದು ಗುರುತಾದ್ರೂ ಹಾಕೋಕೆ ಏನಾಗಿತ್ತು ನಿನಗೆ?"

"ಕೆಟ್ಟದಾಗಲಿ ಅಂತ ಮಾಡ್ಲಿಲ್ಲ ಅಮ್ಮ. ಎಲ್ಲ ಸಮ ಬರಲಿ ಅಂತ ಬೆರೆಸ್ದೆ."

ಮೂವತ್ತು ಜನರ ಮುಂದೆ ಅವನನ್ನು ಬೈದೆ. ಇನ್ನೂರ ನಲವತ್ತನ್ನೂ ಬಿಚ್ಚಿಸಿದೆ, ಸರಿಯಾಗಿದ್ದವನ್ನೂ ಸೇರಿಸಿ. ಯಾಕೆಂದರೆ ಯಾವುದು ಸರಿ ಎಂದು ಇನ್ನೊಂದು ಒಗೆತದವರೆಗೆ ಯಾರಿಗೂ ಹೇಳಲಾಗುವುದಿಲ್ಲ. ಬೈದು ಮುಗಿಸಿ ನನ್ನ ಕುರ್ಚಿಗೆ ಬಂದು ಕುಳಿತೆ. ಅವನ ಮಾತೇ ಕಿವಿಯಲ್ಲಿತ್ತು. ಸಮ ಬರಲಿ ಅಂತ ಬೆರೆಸ್ದೆ.

ಅದಾದ ವಾರಕ್ಕೆ ಈ ಆಹ್ವಾನ ಪತ್ರಿಕೆ ಮನೆಗೆ ಬಂತು. ಮರುದಿನ, ಮಂಗಳವಾರ, ನಾನೊಬ್ಬಳೇ ಆ ಕೊನೆಯ ಕೋಣೆಗೆ ಹೋದೆ. ಡಬ್ಬಿಯನ್ನೂ ಒಯ್ದಿದ್ದೆ. ವೈದ್ಯರು ನಾನು ಹೇಳುವಷ್ಟನ್ನೂ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡೆ, ನಾನಾಗಿದ್ದರೆ ಬೈಯುತ್ತಿದ್ದೆ. ಅವರು ಒಂದು ಕಾಗದ ಎಳೆದುಕೊಂಡು ಪೆನ್ನು ತೆಗೆದರು.

"ಯಾವತ್ತಿನಿಂದ ಅಮ್ಮ?"

"ಮೂರನೇ ವಾರದಿಂದ."

"ಎಲ್ಲಿವರೆಗೆ?"

"ಕೊನೇ ದಿನದವರೆಗೆ."

"ಮಧ್ಯೆ ಒಂದು ದಿನಾನೂ ತಪ್ಪದೆ?"

"ನಾನು ತಪ್ಪೋಳಲ್ಲ ಡಾಕ್ಟ್ರೇ" ಎಂದೆ. ಬಾಯಿಂದ ಬಂದುಬಿಟ್ಟಿತು. ಅವರೂ ನನ್ನ ಮುಖ ನೋಡಿದರು, ನಾನೂ ಅವರ ಮುಖ ನೋಡಿದೆ.

"ನಮ್ಮಿಬ್ಬರನ್ನೂ ಲೆಕ್ಕದಿಂದ ತೆಗೆದುಬಿಡಿ" ಎಂದೆ.

"ಹಾಗೆ ತೆಗೆಯೋ ಹಾಗಿಲ್ಲ. ನಮಗೆ ತೊಡಕಾದವರನ್ನೆಲ್ಲ ತೆಗೀತಾ ಹೋದ್ರೆ ಕೊನೆಗೆ ನಮಗೆ ಬೇಕಾದ ಉತ್ತರಾನೇ ಉಳಿಯುತ್ತೆ. ನೀವು ಇರ್ತೀರಿ. ಹೀಗಾಗಿದೆ ಅಂತ ಪಕ್ಕದಲ್ಲಿ ಬರೆದಿರ್ತೀವಿ."

ಆಮೇಲೆ ನಾನು ಕೇಳಲು ಹೋಗಿದ್ದನ್ನು ಕೇಳಿದೆ. "ನನ್ನ ತಂಗಿ ಹೃದಯ ಹೀಗಾದದ್ದು ನನ್ನಿಂದಾನಾ?"

ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. "ಗೊತ್ತಿಲ್ಲ ಅಮ್ಮ. ಪೂರ್ತಿ ಔಷಧ ತಗೊಂಡೂ ಹೃದಯ ಸೊರಗೋರು ಇರ್ತಾರೆ. ಖಾಲಿ ತಗೊಂಡು ಚೆನ್ನಾಗಿರೋರೂ ಇರ್ತಾರೆ. ಅವರ ಬಾಟಲಿಯಲ್ಲಿ ಏನಿತ್ತು ಅನ್ನೋದು ಕವರ್ ಒಡೆದ್ರೆ ಗೊತ್ತಾಗುತ್ತೆ. ಅವರ ಹೊಟ್ಟೆಗೆ ಏನು ಹೋಯ್ತು ಅನ್ನೋದು ಯಾವ ಕವರ್‌ನಲ್ಲೂ ಇಲ್ಲ" ಎಂದರು.

ಹೌದೆಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಲ್ಲವೆಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಗೊತ್ತಿಲ್ಲ ಎನ್ನುವ ಉತ್ತರವನ್ನು ಸಂಪಾದಿಸಿಕೊಂಡವಳು ನಾನೇ.

ಅವರು ಈಗಷ್ಟೇ ಪರದೆಯ ಮೇಲೆ ತೋರಿಸಿದ ಅಂಕಿಗಳನ್ನು ನೀವು ನೋಡಿದಿರಿ. ಮಾತ್ರೆಯಿಂದ ಸ್ವಲ್ಪ ಉಪಯೋಗವಿದೆ, ಅಂದುಕೊಂಡಷ್ಟಿಲ್ಲ. ನಮ್ಮಿಬ್ಬರನ್ನು ಇಟ್ಟು ಒಮ್ಮೆ, ಬಿಟ್ಟು ಒಮ್ಮೆ ಎರಡು ಸಲ ಲೆಕ್ಕ ಮಾಡಿದರಂತೆ, ಹೆಚ್ಚು ವ್ಯತ್ಯಾಸ ಬರಲಿಲ್ಲವಂತೆ. ಇನ್ನೂರ ಹನ್ನೆರಡರಲ್ಲಿ ಇಬ್ಬರು ಏನು ಮಹಾ ಎನ್ನಬಹುದು. ಆದರೆ ನಾವು ಇಬ್ಬರೇ ಎಂದು ಯಾರು ಹೇಳಬೇಕು? ರುಚಿ ಕಹಿಯೆಂದು ಬಚ್ಚಲಿಗೆ ಹಾಕಿದವರು, ಗಂಡನಿಗೂ ರಕ್ತದೊತ್ತಡವಿದೆ ಎಂದು ಅವನಿಗೆ ಅರ್ಧ ಕೊಟ್ಟವರು, ಮರೆತದ್ದನ್ನು ಮುಚ್ಚಲು ಒಂದೇ ದಿನ ನಾಲ್ಕು ನುಂಗಿದವರು ಇಲ್ಲಿ ಇಲ್ಲವೇ? ನಿಮ್ಮ ನಂತರ ಆ ಕೆಂಪು ಔಷಧ ಹಾಕಿಸಿಕೊಳ್ಳುವ ಹೆಂಗಸಿಗೆ ಈ ಮಾತ್ರೆ ಕೊಡಬೇಕೋ ಬೇಡವೋ ಎಂದು ನಮ್ಮ ಅಂಕಿ ನೋಡಿ ತೀರ್ಮಾನ ಮಾಡುತ್ತಾರೆ. ಯಾರೂ ಕೈ ಎತ್ತಬೇಡಿ. ಅಕ್ಕಪಕ್ಕದವರ ಮುಖವನ್ನೂ ನೋಡಬೇಡಿ. ಸೋಮವಾರ ಕೊನೆಯ ಕೋಣೆ ತೆರೆದಿರುತ್ತದೆ. ಅಲ್ಲಿ ಬೈಯುವುದಿಲ್ಲ, ಬರೆದುಕೊಳ್ಳುತ್ತಾರೆ. ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಮಂಗಳವಾರ ಸಂಜೆ ತಂಗಿಗೆ ಹೇಳಿದೆ. ಕಾರ್ಖಾನೆ ಮುಚ್ಚಿತ್ತು, ಅವಳು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಹೇಳಿ ಮುಗಿಸಿದರೂ ಎಣ್ಣೆ ಬಿಡುವುದನ್ನು ನಿಲ್ಲಿಸಲಿಲ್ಲ.

"ಅಕ್ಕ, ಒಂದು ಕೇಳ್ತೀನಿ. ಬೆರೆಸೋಕೆ ಶುರು ಮಾಡಿದ್ದು ನನಗೆ ತಲೆ ಸುತ್ತು ಬಂದ ವಾರ ಅಲ್ವಾ?"

"ಹೌದು."

"ಅದಕ್ಕೆ ಮುಂಚೆ ಎರಡು ವಾರ ಸಮಪಾಲು ನೆನಪಾಗ್ಲಿಲ್ವಾ ನಿನಗೆ?"

ಸಭಿಕರೇ, ನಮ್ಮ ತಾಯಿಯ ರೀತಿ, ಐದು ಪಾಲು, ಒಂದೇ ಬಣ್ಣದ ಸೀರೆ ಎಂದು ಇಷ್ಟು ಹೊತ್ತು ನಿಮಗೆ ಹೇಳಿದೆನಲ್ಲ, ಅದನ್ನೇ ಅವಳಿಗೂ ಹೇಳಿದ್ದೆ. ಅವಳು ಒಂದೇ ಮಾತಿನಲ್ಲಿ ಅದನ್ನು ಬಿಚ್ಚಿಹಾಕಿದಳು.

"ನಿಜವಾದ ಮಾತ್ರೆ ನನ್ನ ಹತ್ರ ಇದೆ ಅಂತ ಗೊತ್ತಾದ ಮೇಲೆ ಹಂಚಿದೆ."

"ಗೊತ್ತಾಗಿರಲಿಲ್ಲ ಕಣೇ. ಹಾಗೆ ಅನ್ನಿಸಿತ್ತು."

"ಅನ್ನಿಸಿತ್ತಲ್ಲ. ಸಾಕು."

ನನಗೆ ಸಾವಿನ ಭಯವಿತ್ತು. ಇಷ್ಟು ವರ್ಷದಲ್ಲಿ ಈ ಮಾತನ್ನು ಯಾರ ಮುಂದೆಯೂ ಆಡಿದವಳಲ್ಲ, ಇವತ್ತು ಆಡಿದ್ದೇನೆ. ನನ್ನ ಪಾಲಿಗೆ ಖಾಲಿ ಬಂದಿದೆ ಎಂದು ಹೆದರಿದೆ. ಹೆದರಿಕೆಗೆ ನ್ಯಾಯದ ಹೆಸರಿಟ್ಟೆ.

ಅವಳು ಎಣ್ಣೆಯ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡಳು. "ಆ ಒಪ್ಪಿಗೆ ಪತ್ರ ಎಷ್ಟು ಪುಟ ಇತ್ತು ಗೊತ್ತಾ? ಹದಿನಾಲ್ಕು. ನೀನು ಕೊನೇ ಪುಟ ತೆಗೆದು ಸಹಿ ಹಾಕಿದೆ. ನಾನು ಎಲ್ಲಾ ಓದ್ದೆ. ನನ್ನ ಮದುವೆಗೆ ಹೂಂ ಅಂದದ್ದು ಅಪ್ಪ. ಅದು ಮುರಿದಾಗ ಬಾ ಅಂತ ಕರ್ಕೊಂಡು ಬಂದದ್ದು ನೀನು. ಈ ಮಿಷನ್ ಮುಂದೆ ಕೂರಿಸಿದ್ದೂ ನೀನು. ಖಾಲಿ ಬಂದ್ರೂ ಬರಲಿ, ನನ್ನಿಂದ ಇನ್ನೊಬ್ಬಳಿಗೆ ಏನಾದ್ರೂ ಗೊತ್ತಾಗಲಿ ಅಂತ ನಾನೇ ಓದಿ ನಾನೇ ಹೂಂ ಅಂದದ್ದು ಅದೊಂದೇ ಅಕ್ಕ. ಅದಕ್ಕೂ ಕೈ ಹಾಕಿಬಿಟ್ಟೆಯಲ್ಲ."

ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ ಅದರ ಜಾಗದಲ್ಲಿಟ್ಟೆ.

ಎರಡು ದಿನ ಅವಳು ನನಗಿಂತ ಮೊದಲೇ ತಿಂಡಿ ಮುಗಿಸಿ ಕಾರ್ಖಾನೆಗೆ ಹೋದಳು. ಮೂರನೆಯ ದಿನ ತಿಂಡಿ ತಿನ್ನುತ್ತ, "ಇನ್ನೈದು ವರ್ಷ ವರ್ಷಕ್ಕೊಂದು ಸಲ ಎಕೋ ನೋಡ್ತಾರಂತೆ, ನಾನು ಮುಂದುವರಿಸ್ತೀನಿ" ಎಂದಳು. ಒಳ್ಳೆಯದು ಎಂದೆ. "ನಿನ್ನ ಅಭಿಪ್ರಾಯ ಕೇಳ್ಲಿಲ್ಲ" ಎಂದಳು. ಹಿರಿಯ ಸೊಸೆಗೆ ಕೆಮ್ಮು ಬಂದು ಒಳಗೆ ಹೋದಳು.

ಕಳೆದ ಗುರುವಾರ ತಂಗಿ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಆ ಕೋಣೆಗೆ ಹೊರಟಳು. ನಿನ್ನ ಕಡತದಲ್ಲಿ ನನಗೆ ಸ್ವಲ್ಪ ಕೆಲಸವಿದೆ, ನಿನ್ನ ಒಪ್ಪಿಗೆಯಿದ್ದರೆ ಬರುತ್ತೇನೆ ಎಂದು ಕೇಳಿ ನಾನೂ ಹೋದೆ. ಪ್ರತಿಯೊಬ್ಬರ ಕಡತದ ಮೊದಲ ಪುಟದಲ್ಲಿ, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಯಾರನ್ನು ಕೇಳಬೇಕು ಎಂದು ಒಂದು ಜಾಗವಿದೆ. ಅವಳ ಪುಟದಲ್ಲಿ ಅಲ್ಲಿ ನನ್ನ ಹೆಸರಿತ್ತು, ನನ್ನದೇ ಕೈಬರಹದಲ್ಲಿ. ಆ ಕೋಣೆಯಲ್ಲಿ ಒಂದು ಕ್ರಮವಿದೆ. ತಪ್ಪು ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿದು ಮುಚ್ಚುವಂತಿಲ್ಲ. ಕೆಳಗಿರುವುದು ಓದಲು ಬರುವ ಹಾಗೆ ಅಡ್ಡಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ ತಾರೀಖು ಹಾಕಬೇಕು. ನನ್ನ ಹೆಸರಿನ ಮೇಲೆ ಒಂದೇ ಗೆರೆ ಎಳೆದೆ. ಸಹಿ ಮಾಡಿದೆ. ತಾರೀಖು ಹಾಕಿದೆ. ಪೆನ್ನನ್ನು ತಂಗಿಯ ಕೈಗೆ ಕೊಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಆ ಜಾಗದಲ್ಲಿ ಅವಳು ಯಾರ ಹೆಸರು ಬರೆದಳೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ, ಬೈಯದೆ ಬರೆದುಕೊಂಡದ್ದಕ್ಕೆ ವೈದ್ಯರಿಗೂ ನನ್ನ ವಂದನೆಗಳು. ನಮಸ್ಕಾರ.